ಫರ್ಸಿ ಕಲ್ಲಿನ ಯುದ್ಧಕ್ಕೆ ರಾಜಕೀಯ ಕಾರಣಗಳು

ಜಗಳಕ್ಕೆ ಕಾರಣ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ, ಅಂದರೆ ನಾನೂ ಹೇಳಿಲ್ಲ. ಶಹಾಬಾದಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ನನಗೆ ಫಾಕ್ಲೆಂಡ್ ಯುದ್ಧದ ರಾಜಕೀಯ ಕಾರಣಗಳು ಬಾಯಿಪಾಠ. ಮನುಷ್ಯರಿಗಿಂತ ಕುರಿಗಳೇ ಹೆಚ್ಚಿರುವ, ಭೂಪಟದಲ್ಲಿ ಕನ್ನಡಕ ಹಾಕಿಕೊಂಡು ಹುಡುಕಬೇಕಾದ ದ್ವೀಪಗಳು ಅವು. ಅರ್ಜೆಂಟೀನಾದ ಸೇನಾ ಆಡಳಿತದ ವಿರುದ್ಧ ಜನ ಬೀದಿಗಿಳಿದಿದ್ದರು. ಅವರ ಗಮನ ತಿರುಗಿಸಲು ಅದು ಬ್ರಿಟನ್ನಿನ ವಶದಲ್ಲಿದ್ದ ಆ ದ್ವೀಪಗಳನ್ನು ಹಿಡಿಯಿತು. ಬ್ರಿಟನ್ನಿನಲ್ಲೂ ಜನ ಸರ್ಕಾರದ ಮೇಲೆ ಬೇಸತ್ತಿದ್ದರು. ಅದು ಹಡಗು ಕಳಿಸಿತು. ಒಳಗೆ ನೆಮ್ಮದಿಯಿಲ್ಲದವರು ಹೊರಗೆ ಜಗಳ ಹುಡುಕುತ್ತಾರೆ ಎಂದು ನಾನು ಹೇಳಿದರೆ ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ.

ನನಗೆ ಐವತ್ತೆರಡು. ಮದುವೆಯಾಗಲಿಲ್ಲ. ಪಕ್ಕದ ಊರು ವಾಡಿಯ ಬಾಡಿಗೆ ಮನೆಯಲ್ಲಿ ಕೆಲವು ಭಾನುವಾರ ಹಾಲಿನವನ ಜೊತೆ ಆಡುವ ಎರಡು ಮಾತೇ ಇಡೀ ದಿನದ ಮಾತು. ಒಂಟಿತನ ಹಿಂಡುತ್ತದೆ. ಅದಕ್ಕೇ ಇರಬೇಕು, ಒಂದು ಮುಂಜಾನೆ ಪಕ್ಕದ ಮನೆಯ ಶರಣಪ್ಪನವರ ಮೇಲೆ ಕಾಲು ಕೆರೆದು ಜಗಳಕ್ಕೆ ಹೋದೆ. ಎರಡು ಮನೆಗಳ ನಡುವೆ ನೆಲಕ್ಕೆ ಹಾಸುವಂಥ, ಯಾರೂ ಕೂರದ ಒಂದು ಫರ್ಸಿ ಕಲ್ಲು ಬಿದ್ದಿತ್ತು. ಅದು ನನ್ನ ಕಡೆಗೆ ಸೇರಿದ್ದು ಎಂದೆ.

"ಏನ್ ಮಾತಾಡ್ಲಿಕತ್ತೀರಿ ಸರ್? ನಮ್ಮಪ್ಪ ಖಣಿಯಿಂದ ಹೊತ್ಕೊಂಡ್ ಬಂದಿದ್ದ ಕಲ್ಲದು!" ಎಂದು ಅವರು ಕೂಗುತ್ತಲೇ ನನ್ನ ಮನೆಯೊಳಗೆ ಬಂದರು. ನಮ್ಮಲ್ಲಿ ಹೊಸ್ತಿಲು ದಾಟಿದವರಿಗೆ ಚಹಾ ಕೊಡಲೇಬೇಕು, ಬೈಯಲು ಬಂದವರಾದರೂ. "ಮದ್ಲ ಕುಂದ್ರಿ, ಚಾ ಕುಡೀರಿ. ಆಮ್ಯಾಲ ಬೈರಿ," ಎಂದೆ. ಕುಡಿದರು, ಬೈದರು, ಹೋದರು. ಮರುದಿನ ಮತ್ತೆ ಬಂದರು. ಹೀಗೆ ಒಂಬತ್ತು ದಿನ. ಕಲ್ಲಿನ ಮಾತು ಎರಡು ನಿಮಿಷ. ಉಳಿದದ್ದು ಅವರ ಮೊಣಕಾಲು ನೋವು, ತೊಗರಿ ಬೆಳೆ, ಅಳಿಯನ ಅಹಂಕಾರ. ಅಷ್ಟು ಸುಖವಾದ ಯುದ್ಧವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಹತ್ತನೆಯ ದಿನ ಅವರು ಹೊಸ್ತಿಲಾಚೆಯೇ ನಿಂತರು. "ಒಂದು ಕಲ್ಲಿನ ಸಲುವಾಗಿ ಯಾಕ್ ಮನಸ್ಸು ಕೆಡಿಸ್ಕೋಬೇಕ್ರಿ ಸರ್? ನೀವೇ ಇಟ್ಕೊಳ್ರಿ," ಎಂದು ಕೈಮುಗಿದು ಹೋದರು.

ನಾನು ಗೆದ್ದಿದ್ದೆ. ಮೂರು ದಿನ ಯಾರೂ ಬರಲಿಲ್ಲ. ನಾಲ್ಕನೆಯ ದಿನ ತಡೆಯಲಾರದೆ ಅವರ ಬಾಗಿಲಿಗೆ ಹೋದೆ. ಸುಮ್ಮನೆ ಬಂದು ಕುಂದ್ರಿ ಎಂದರೆ ಸಾಕಿತ್ತು.

"ಮತ್ತೇನಾತ್ರಿ ಸರ್?" ಎಂದರು.

"ನಿಮ್ಮ ಬಚ್ಚಲ ನೀರು ನನ್ನ ಅಂಗಳಕ್ಕ ಹರೀಲಿಕತ್ತದ," ಎಂದುಬಿಟ್ಟೆ.

"ನಡೀರಿ, ನೋಡೇಬಿಡ್ತೀನಿ!" ಎಂದು ಅವರು ಸಿಟ್ಟಿನಿಂದ ಚಪ್ಪಲಿ ಹುಡುಕತೊಡಗಿದರು. ನಾನು ಓಡಿಬಂದು ಒಂದು ಬಕೆಟ್ ನೀರನ್ನು ನನ್ನ ಅಂಗಳಕ್ಕೆ ನಾನೇ ಸುರಿದೆ, ಎರಡು ಲೋಟ ನೀರನ್ನು ಚಹಾಕ್ಕಿಟ್ಟೆ.