ಕಂಪನಿಯ ಪಿನ್ನು, ಮಾಸ್ತರರ ಗುಮಾನಿ

ರಿಪೇರಿ ಅಂಗಡಿಗೆ ಕೆಟ್ಟ ಯಂತ್ರವೊಂದೇ ಬರುವುದಿಲ್ಲ, ಅದರ ಜೊತೆ ಒಂದು ಗುಮಾನಿಯೂ ಬರುತ್ತದೆ. ಯಂತ್ರ ಸರಿಯಾಗಿ ಮನೆಗೆ ಹೋಗುತ್ತದೆ, ಗುಮಾನಿ ನನ್ನ ಹತ್ತಿರವೇ ಉಳಿಯುತ್ತದೆ. ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ರೇಡಿಯೋ, ಟೇಪ್‌ರೆಕಾರ್ಡರ್ ಬಿಚ್ಚುತ್ತ ಕೂತದ್ದು ತೊಂಬತ್ತರ ದಶಕದಲ್ಲಿ. ಆಮೇಲೆ ಮಿಕ್ಸರ್ ಬಂತು, ಟೀವಿ ಬಂತು, ಮೊಬೈಲ್ ಬಂತು. ಗುಮಾನಿ ಮಾತ್ರ ಹಳೆಯದೇ.

ನಮ್ಮ ಕಡೆ ಒಂದು ಪದ್ಧತಿಯಿದೆ. ರಿಪೇರಿಗೆ ಕೊಟ್ಟು ಯಾರೂ ಎದ್ದು ಹೋಗುವುದಿಲ್ಲ. ಎದುರಿಗಿರುವ ಸ್ಟೂಲಿನ ಮೇಲೆ ಕೂತು, ಕೆಲಸ ಮುಗಿಯುವ ತನಕ ನನ್ನ ಕೈಯನ್ನೇ ನೋಡುತ್ತಾರೆ. ಕಣ್ಣು ತಪ್ಪಿದರೆ ಒಳಗಿನ ಒರಿಜಿನಲ್ ಸಾಮಾನು ಎತ್ತಿ ಡುಪ್ಲಿಕೇಟ್ ತುರುಕಿಬಿಡುತ್ತಾನೆ ಎಂಬ ಭಯ. ಹಾಗೆ ಕೂರುವವರಲ್ಲಿ ಎಲ್ಲರಿಗಿಂತ ಗಟ್ಟಿಗರು ಸಿದ್ದಾಪುರ ಕಡೆಯ ಒಬ್ಬ ನಿವೃತ್ತ ಮಾಸ್ತರರು. ನನಗೆ ಅಕ್ಷರ ಕಲಿಸಿದವರೂ ಅವರೇ, ಹಾಗಾಗಿ ನನಗೆ ಹೆಚ್ಚು ಬೇಜಾರು. ಒಂದೇ ಒಂದು ಸಲ ಅವರು ವಸ್ತುವನ್ನು ನನ್ನ ಕೈಗೆ ಕೊಟ್ಟು, "ಮಾಡಿಡು, ಆನು ಚಾ ಕುಡ್ಕಂಡು ಬತ್ತೆ" ಎಂದು ಎದ್ದು ಹೋಗಬೇಕು ಎಂದು ನಾನು ಕಾದದ್ದು ಎಷ್ಟು ವರ್ಷವೋ.

ನನಗೂ ಗುಮಾನಿ ಇಲ್ಲವೆಂದಲ್ಲ. ಆದರೆ ನನ್ನದು ಕಂಪನಿಗಳ ಮೇಲೆ. ಒಬ್ಬನ ಪಿನ್ನು ಇನ್ನೊಬ್ಬನದಕ್ಕೆ ಹೋಗಬಾರದು, ಒಬ್ಬನ ಮುಚ್ಚಳ ಇನ್ನೊಬ್ಬನದಕ್ಕೆ ಕೂರಬಾರದು ಎಂದು ಇವರು ಬೇಕೆಂತಲೇ ಮಾಡುತ್ತಾರೆ. ಒಂದು ಸಲ ಕೊಂಡವನು ಜನ್ಮಪೂರ್ತಿ ಅವರ ಬಾಗಿಲಲ್ಲೇ ನಿಂತಿರಬೇಕು ಎಂಬ ಹುನ್ನಾರ.

ಮೂರು ಮೂಲೆಯ ಸ್ಕ್ರೂ

ಮಾಸ್ತರರು ಒಮ್ಮೆ ಫಾರಿನ್ ಟೇಪ್‌ರೆಕಾರ್ಡರ್ ತಂದರು. ಕಿಸೆಯಲ್ಲಿ ಸೊಸೆಯ ಉಗುರುಬಣ್ಣದ ಶೀಶೆ. ನಾನು ಯಾವ ಬಿಡಿಭಾಗ ಮುಟ್ಟಿದರೂ ಅದಕ್ಕೊಂದು ಕೆಂಪು ಬೊಟ್ಟು ಇಡುವುದು ಅವರ ಕ್ರಮ. ಬದಲಿಸಿದರೆ ಗೊತ್ತಾಗಬೇಕಲ್ಲ!

ಅವತ್ತು ಬೊಟ್ಟು ಇಡಲು ಅವಕಾಶವೇ ಸಿಗಲಿಲ್ಲ. ಟೇಪ್‌ರೆಕಾರ್ಡರಿನ ಸ್ಕ್ರೂಗಳ ತಲೆಯಲ್ಲಿ ಮೂರು ಮೂಲೆಯ ಗುಳಿ. ಅಂಥ ಸ್ಕ್ರೂಡ್ರೈವರ್ ಇಡೀ ಶಿರಸಿಯಲ್ಲಿ ಇರಲಿಲ್ಲ. ಕಡೆಗೆ ಮುರಿದ ಕೊಡೆಯ ಕಡ್ಡಿಯನ್ನು ಅರದಲ್ಲಿ ಉಜ್ಜಿ ಉಜ್ಜಿ ಮೂರು ಮೂಲೆ ಮಾಡಲು ಕೂತೆ. ಕೈ ನೋಯತೊಡಗಿದಾಗ ಸಿಟ್ಟು ಬಂತು.

"ನೋಡಿ ಮಾಸ್ತರ್ರೆ, ಬೇರೆ ಯಾರೂ ಬಿಚ್ಚಲಾಗ ಹೇಳೇ ಕಂಪನಿಯವ್ರು ಹಿಂಗೆ ಮಾಡಿದ್ದ" ಎಂದೆ.

ಮಾಸ್ತರರು ಟೇಪ್‌ರೆಕಾರ್ಡರನ್ನು ಮೆಚ್ಚುಗೆಯಿಂದ ಸವರಿದರು. "ಹುಷಾರಿದ್ದ ಅವು. ಸಿರ್ಸಿಲಿ ನೀ ಅಂಗಡಿ ಹಾಕ್ತೆ ಹೇಳಿ ಅವ್ಕೆ ಮೊದ್ಲೇ ಗೊತ್ತಿತ್ತು ಕಾಣ್ತು."

ಕೂಡದ ಜಾರು

ಬನವಾಸಿಯಿಂದ ಶುಂಠಿ ಬೆಳೆಯುವ ಮನೆಯ ಹೆಂಗಸೊಬ್ಬರು ಚೀಲದಲ್ಲಿ ಎರಡು ಮಿಕ್ಸರ್ ಹೊತ್ತು ಬಂದರು. ಒಂದರ ಮೋಟರು ಸುಟ್ಟಿತ್ತು, ಜಾರು ಚೆನ್ನಾಗಿತ್ತು. ಇನ್ನೊಂದರ ಮೋಟರು ಚೆನ್ನಾಗಿತ್ತು, ಜಾರು ಒಡೆದಿತ್ತು.

"ಇದರ ಜಾರು ಅದಕ್ಕ ಕೂಡಿಸಿ ಕೊಡ್ರಿ, ಆತು" ಎಂದರು.

ನಾನು ಎರಡರ ಅಡಿಯನ್ನೂ ತಿರುಗಿಸಿ ತೋರಿಸಿದೆ. ಒಂದರ ಹಲ್ಲು ಒಂದು ನಮೂನೆ, ಇನ್ನೊಂದರದ್ದು ಇನ್ನೊಂದು. "ಕೂರೂದಿಲ್ಲ ಅಕ್ಕ. ಕಂಪನಿ ಬೇರೆ ಬೇರೆ."

"ಕಂಪನಿ ಬೇರೆ ಆದ್ರೇನ್ರಿ? ಎರಡೂ ಅರಿಯೋದು ಅದ ಕೊಬ್ಬರಿ, ಅದ ಮೆಣಸಿನಕಾಯಿ!" ಎಂದವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. "ಕಂಪನಿ ಬೇರೇನೋ, ಹೊಸಾದು ಮಾರಬೇಕಂತ ನಿಮ್ಮ ಮನಸು ಬೇರೇನೋ?"

ನಾನು ದೇವರಾಣೆ ಹಾಕಿದೆ. ಅವರು ನಂಬಲಿಲ್ಲ. ತಾವೇ ಜಾರನ್ನು ಒತ್ತಿದರು, ತಿರುಗಿಸಿದರು, ಮೇಲಿನಿಂದ ಗುದ್ದಿದರು. ಕೂರಲಿಲ್ಲ. ಕೊನೆಗೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ನಿಟ್ಟುಸಿರು ಬಿಟ್ಟರು.

"ಮಗಳ ಲಗ್ನಕ್ಕ ಜಾತಕ ಕೂಡಿಸಿ ನೋಡಿದ್ವಿ. ಈ ಸುಡುಗಾಡು ಮಿಕ್ಸರಿಗೆ ನೋಡೋದು ಮರತಿವಿ ನೋಡ್ರಿ!"

ಟವೆಲ್ಲಿನ ಅಡಿಯಲ್ಲಿ

ಯಲ್ಲಾಪುರದ ಆಚೆ ನಂದೊಳ್ಳಿಯ ರೈತರೊಬ್ಬರು ಹುಬ್ಬಳ್ಳಿಯಿಂದ ಅಗ್ಗದಲ್ಲಿ ಮೊಬೈಲ್ ತಂದಿದ್ದರು. ಅದು ಒಂದೇ ಕಂಪನಿಯ ಸಿಮ್ಮಿಗೆ ಕಟ್ಟುಹಾಕಿದ ಫೋನು. ಆ ಕಂಪನಿಯ ಸಿಗ್ನಲ್ಲು ಯಲ್ಲಾಪುರ ಪೇಟೆ ದಾಟಿದರೆ ಇಲ್ಲ. ಊರಲ್ಲಿ ಸಿಗುವುದು ಬೇರೆಯವರ ಸಿಗ್ನಲ್ಲು, ಅವರ ಸಿಮ್ ಹಾಕಿದರೆ ಫೋನು ಒಪ್ಪದು.

"ಇದಕ್ಕೆ ಹೆಂಗೆ ಗೊತ್ತಾಗ್ತದೆ ಮಾರಾಯ್ರೆ?" ಎಂದು ಅವರು ದನಿ ತಗ್ಗಿಸಿದರು. "ಹಿಂದೆ ಕ್ಯಾಮೆರಾ ಅದೆಯಲ್ಲ, ಅದರಲ್ಲಿ ನೋಡ್ತದೆ ಅಂತ ನಂಗೆ ಡೌಟು. ಅದಕ್ಕೇ ಟವೆಲ್ ಮುಚ್ಚಿ, ಅಡಿಯಿಂದ ಕೈ ಹಾಕಿ, ಸದ್ದಾಗದ ಹಾಗೆ ಸಿಮ್ ಬದಲಿಸಿದೆ. ಆದ್ರೂ ಕಂಡುಹಿಡೀತು!"

ಕ್ಯಾಮೆರಾದ ತಪ್ಪಲ್ಲ, ಒಳಗೇ ಬೀಗ ಹಾಕಿದ್ದಾರೆ, ಅಗ್ಗದಲ್ಲಿ ಕೊಟ್ಟದ್ದೂ ಅದಕ್ಕೇ ಎಂದು ತಿಳಿಸಿ ಹೇಳಿದೆ. ಅವರು ಸ್ಟೂಲಿನ ಮೇಲೆ ಕೂತು ಯೋಚಿಸಿದರು.

"ಫೋನು ಯಾರದ್ದು?"

"ನಿಮ್ಮದೇ."

"ಬೀಗ?"

"ಕಂಪನಿದು."

"ಕೀಲಿಕೈ?"

"ಅದೂ ಕಂಪನಿದೇ."

"ಹಂಗಾರೆ ನಾನು ಬರೀ ಇದರ ವಾಚ್‌ಮನ್ನು ಅನ್ನಿ" ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

ಸ್ಟೂಲಿನ ಮೇಲೆ ಕೂತವನು

ಮಾಸ್ತರರೂ ಮೊಬೈಲ್ ಕೊಂಡರು. ಅದರ ಚಾರ್ಜರಿನ ಪಿನ್ನು ಚಪ್ಪಟೆ, ತುಂಬ ಹಲ್ಲಿನದು, ಬೇರೆ ಯಾವ ಕಂಪನಿಯದ್ದೂ ಅದಕ್ಕೆ ಆಗದು. ಇಂಥದ್ದು ಬೇಡವೆಂದು ಬೇಡಿಕೊಂಡೆ. "ಬೇರೆದು ಒಳಗೆ ಹೋಗ್ತಿಲ್ಲೆ ಅಂದ್ರೆ ಒಳ್ಳೇದಾತಲ, ಡುಪ್ಲಿಕೇಟ್ ಕಾಟ ಇಲ್ಲೆ" ಎಂದು, ನನ್ನ ಎದುರೇ ಬ್ಯಾಟರಿಗೆ ಕೆಂಪು ಬೊಟ್ಟು ಇಟ್ಟರು. ಮುಂದೆ ಕಷ್ಟವಾದೀತೆಂದು ಆ ಚಾರ್ಜರು ಒಂದನ್ನು ನಾನೇ ತರಿಸಿಟ್ಟುಕೊಂಡೆ. ಶಿರಸಿಯಲ್ಲಿ ಬೇರೆ ಯಾರ ಹತ್ತಿರವೂ ಅದು ಇರಲಿಲ್ಲ.

ಆ ಫೋನು ಸಿದ್ದಾಪುರದ ಬಸ್ಸಿನಲ್ಲಿ ಕಳೆದುಹೋಯಿತು. ಹಳೆಯ ಶಿಷ್ಯರ ನಂಬರುಗಳೆಲ್ಲ ಅದರಲ್ಲೇ ಇದ್ದವು. ಮಾಸ್ತರರು ಮಂಕಾದರು. ನನಗೂ ಪಾಪ ಎನಿಸಿತು.

ಕೆಲವು ದಿನ ಕಳೆದ ಮೇಲೆ ಅಪರಿಚಿತನೊಬ್ಬ ಅಂಗಡಿಗೆ ಬಂದ. ನನ್ನ ಮುಖ ನೋಡುವುದು ಬಿಟ್ಟು ರಸ್ತೆಯನ್ನೇ ನೋಡುತ್ತಿದ್ದ. "ಇದಕ್ಕ ಚಾರ್ಜರ್ ಐತೇನ್ರಿ? ಪ್ಯಾಟಿ ತುಂಬ ಅಡ್ಡಾಡಿದೆ, ಎಲ್ಲಾರೂ ನಿಮ್ಮ ಅಂಗಡೀನ ತೋರಿಸಿದ್ರು."

ಬೇರೆ ಪಿನ್ನು ತುರುಕಿ ತುರುಕಿ ಫೋನಿನ ಬಾಯಿ ಸೊಟ್ಟಗಾಗಿತ್ತು. ಹಿಂದಿನ ಮುಚ್ಚಳ ತೆಗೆದೆ. ಬ್ಯಾಟರಿಯ ಮೇಲೆ ಕೆಂಪು ಬೊಟ್ಟು! ಜನ್ಮದಲ್ಲಿ ಮೊದಲ ಸಲ ಒಂದು ಕಂಪನಿಗೆ ಮನಸ್ಸಿನಲ್ಲೇ ಕೈಮುಗಿದೆ. ಪಿನ್ನು ಎಲ್ಲದಕ್ಕೂ ಆಗುವಂಥದ್ದಾಗಿದ್ದರೆ ಈ ಆಸಾಮಿ ನನ್ನ ಹತ್ತಿರ ಯಾಕೆ ಬರುತ್ತಿದ್ದ?

ಚಾರ್ಜರ್ ತರುತ್ತೇನೆಂದು ಅವನನ್ನು ನಿಲ್ಲಿಸಿ, ಫೋನನ್ನು ಹಿಡಿದುಕೊಂಡೇ ಪಕ್ಕದ ಅಂಗಡಿಗೆ ಹೋದೆ. ಮಾಸ್ತರರು ಆ ದಿನ ಅಡಿಕೆ ಸೊಸೈಟಿಗೆ ಬಂದಿದ್ದು ಗೊತ್ತಿತ್ತು, ಪಕ್ಕದ ಅಂಗಡಿಯ ಹುಡುಗನನ್ನು ಅಲ್ಲಿಗೆ ಓಡಿಸಿ ಸುದ್ದಿ ಮುಟ್ಟಿಸಿದೆ. ಅವರು ಏದುಸಿರು ಬಿಡುತ್ತ ಓಡಿಬಂದರು. ಬಂದವರೇ ಫೋನನ್ನು ಮೂಗಿನ ಹತ್ತಿರ ಹಿಡಿದು ಬೊಟ್ಟು ನೋಡಿ, ಅವನ ಮೇಲೆ ಹರಿಹಾಯ್ದರು.

ಅವನು ಕೈಮುಗಿದ. "ಬಸ್ಸಿನ್ಯಾಗ ಬಿದ್ದಿತ್ರಿ ಸರ್. ಯಾರದಂತ ನೋಡಿ ಕೊಡೋಣಂದ್ರ ಚಾರ್ಜ್ ಇಲ್ಲ, ಚಾರ್ಜ್ ಮಾಡೋಣಂದ್ರ ಪಿನ್ನ ಕೂಡವಲ್ದು!"

"ನಿನ್ನ ವಿಷಯ ಆಮೇಲೆ" ಎಂದ ಮಾಸ್ತರರು ನನ್ನ ಕಡೆ ತಿರುಗಿದರು. "ಇದು ಸರಿ ಆಗ್ತಾ?"

"ಬಿಚ್ಚಿ ಬಾಯಿ ನೆಟ್ಟಗೆ ಮಾಡಿರೆ ಆಗ್ತು" ಎಂದೆ.

ಅವರು ಅಭ್ಯಾಸದಂತೆ ಸ್ಟೂಲಿನ ಮೇಲೆ ಕೂತು ಕನ್ನಡಕಕ್ಕೆ ಕಿಸೆ ತಡಕಿದರು. ಕನ್ನಡಕವಿಲ್ಲ! ಗಡಿಬಿಡಿಯಲ್ಲಿ ಸೊಸೈಟಿಯಲ್ಲೇ ಬಿಟ್ಟು ಬಂದಿದ್ದರು. ಇಷ್ಟು ವರ್ಷ ಕಾದ ಗಳಿಗೆ ಬಂತೇ ಬಂತು ಅಂದುಕೊಂಡೆ.

"ನೀವು ಹೋಗಿ ತಗಂಡು ಬನ್ನಿ ಮಾಸ್ತರ್ರೆ. ಆನು ಮಾಡಿಡ್ತೆ."

ಮಾಸ್ತರರು ನನ್ನನ್ನು ನೋಡಿದರು, ಫೋನನ್ನು ನೋಡಿದರು. ನಿಧಾನವಾಗಿ ಎದ್ದರು. ಎದ್ದವರು ಆ ಆಸಾಮಿಯ ರಟ್ಟೆ ಹಿಡಿದು ಅದೇ ಸ್ಟೂಲಿನ ಮೇಲೆ ಕೂರಿಸಿದರು.

"ಇಲ್ಲಿಂದ ಅಲ್ಲಾಡಬೇಡ" ಎಂದು ಬೆರಳು ತೋರಿಸಿದರು. ಓಡಿಹೋಗದಂತೆ ಗದರಿಸುತ್ತಿದ್ದಾರೆ ಎಂದುಕೊಂಡೆ. "ಇವನ ಕೈ ಮೇಲೆ ಕಣ್ಣಿಟ್ಟಿರು. ಒರಿಜಿನಲ್ ಸಾಮಾನು ಒಂದೂ ಆಚೀಚೆ ಆಗಬಾರದು."

ಹೇಳಿ ಹೊರಟೇ ಹೋದರು.

ಆ ಮನುಷ್ಯ ಎದ್ದು ಓಡಬಹುದಿತ್ತು, ನಾನೇನು ಹಿಡಿಯುತ್ತಿರಲಿಲ್ಲ. ಅವನು ಓಡಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು ನನ್ನ ಕೈಯನ್ನೇ ನೋಡಿದ. ಒಂದು ಸ್ಕ್ರೂ ಮೇಜಿನಡಿ ಉರುಳಿದಾಗ ಅವನೇ ಬಗ್ಗಿ ಹುಡುಕಿ ತಂದು, "ಇದನ್ನ ಹಾಕ್ರಿ, ಇದು ಒರಿಜಿನಲ್" ಎಂದು ಕೊಟ್ಟ.

ಮಾಸ್ತರರು ಕನ್ನಡಕ ಹಾಕಿಕೊಂಡು ವಾಪಸು ಬಂದರು. ನನ್ನನ್ನು ಏನೂ ಕೇಳಲಿಲ್ಲ. ಅವನನ್ನು ಕೇಳಿದರು: "ಏನೂ ಬದಲಿಸಲಿಲ್ಲವಲ್ಲ?"

"ಇಲ್ರಿ ಸರ್, ನಾ ರೆಪ್ಪಿ ಸೈತ ಬಡದಿಲ್ರಿ. ಮನಷ್ಯಾ ಚಲೋ ಅದಾನ."

"ಅಡ್ಡಿಲ್ಲೆ" ಎಂದು ಮಾಸ್ತರರು ನನ್ನ ಬೆನ್ನು ತಟ್ಟಿ, ಅವನಿಗೆ ಚಾ ಹೇಳಿದರು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ನಂಬಿದ್ದು ಅದೊಂದೇ ಸಲ, ಅದೂ ಕಳ್ಳನ ಜಾಮೀನಿನ ಮೇಲೆ.