ಬಾಳಾಸಾಹೇಬನ ಕಾರಿನ ಮೂಗು

ಹೊಟ್ಟೆಕಿಚ್ಚು ಎಂಬ ಪದಾರ್ಥ ನನ್ನ ದೇಹದಲ್ಲಿ ಇಲ್ಲವೇ ಇಲ್ಲ! ಬೆಳಗಾವಿಯ ಯಾವ ಡಾಕ್ಟರು ಬೇಕಾದರೂ ಕೊಯ್ದು ನೋಡಲಿ. ಇನ್ನು ಯಂತ್ರಗಳ ಮಾತು ಕೇಳಲೇಬೇಡಿ. ಸತ್ತ ರೇಡಿಯೊಗಳು ನನ್ನ ರಿಪೇರಿ ಅಂಗಡಿಯ ಹೊಸ್ತಿಲು ಕಂಡೊಡನೆ ತಾವಾಗಿಯೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದವು!

ಇಂಥ ನಿರ್ಮಲ ಮನುಷ್ಯನ ಮನೆಯೆದುರು, ಸದಾಶಿವನಗರದಲ್ಲಿ, ೧೯೮೮ರಲ್ಲಿ ನೆರೆಮನೆಯ ಬಾಳಾಸಾಹೇಬ ಒಂದು ಅಮೆರಿಕದ ಕಾರು ತಂದು ನಿಲ್ಲಿಸಿದ. ಯಾರೋ ಪರದೇಶದ ಪ್ರೊಫೆಸರು ಊರಿಗೆ ಮರಳುವಾಗ ಮಾರಿದ್ದಂತೆ. ಅದರ ಉದ್ದವೋ! ಮೂತಿ ಖಾನಾಪುರ ಮುಟ್ಟಿದಾಗ ಬಾಲ ಇನ್ನೂ ದೇಸೂರು ದಾಟುತ್ತಿರಬೇಕು. ಸ್ಟಿಯರಿಂಗು ಬೇರೆ ಎಡಗಡೆ.

ಒಂದು ದಿನ ಅವನು ನನ್ನ ಹೆಂಡತಿ ಚಂದ್ರವ್ವನನ್ನು ಪೇಟೆಯಿಂದ ಅದರಲ್ಲಿ ಕರೆತಂದ. ಅವಳು ಕುಳಿತದ್ದು ಬಲಗಡೆ, ಅಂದರೆ ನಮ್ಮ ದೇಶದಲ್ಲಿ ಡ್ರೈವರ್ ಕೂರುವ ಜಾಗದಲ್ಲಿ! “ಚಂದ್ರವ್ವ ಕಾರ್ ಹೊಡಿಯಾಕತ್ತಾಳ, ಅದೂ ಎರಡೂ ಕೈ ಬಿಟ್ಟು!” ಎಂದು ಓಣಿಗೆ ಓಣಿಯೇ ಬಾಯಿ ತೆರೆದು ನಿಂತಿತು.

“ಬಾಳಾಸಾಹೇಬಣ್ಣಾರು ತಾವ ಇಳದು ಬಂದು ಬಾಗಲಾ ತಗದ್ರು ನೋಡ್ರಿ,” ಎಂದಳು ಮನೆಗೆ ಬಂದು.

“ನನ್ನ ಸೈಕಲ್ಲಿಗೆ ಬಾಗಲಾ ಇದ್ರ ನಾನೂ ತಗೀತಿದ್ದೆ!”

“ಇರ್ಲಿ ಬಿಡ್ರಿ. ಗ್ಯಾಸ್ ಮುಗಿಯಾಕ ಬಂತು. ಏಜೆನ್ಸಿಗೆ ಹೋಗಿ ಹೊಸಾ ಸಿಲಿಂಡರಿಗೆ ನಂಬರ್ ಹಚ್ಚಿ ಬರ್ರಿ.”

“ಹೂಂ,” ಎಂದೆ. ಅವಳು ದಿನಾ ಹೇಳುತ್ತಿದ್ದಳು, ನಾನು ದಿನಾ “ಹೂಂ” ಎನ್ನುತ್ತಿದ್ದೆ. ಸಂಸಾರ ಸುಗಮವಾಗಿತ್ತು.

ಅಷ್ಟರಲ್ಲಿ ದೇವರು ಕಣ್ಣು ತೆರೆದ! ಕಾರು ಮುಗ್ಗರಿಸತೊಡಗಿತು. ಪೆಡಲು ಒತ್ತಿದರೆ ಒಂದು ಗಳಿಗೆ ಯೋಚಿಸಿ, ಬಿಕ್ಕಿ, ಆಮೇಲೆ ಓಡುತ್ತಿತ್ತು. ಸಂತೋಷದಿಂದ ನಾನು ಅವತ್ತು ಎರಡು ರೊಟ್ಟಿ ಹೆಚ್ಚಿಗೆ ಉಂಡೆ. ಮರುದಿನ ಸಂತಾಪದ ಮುಖ ಹೊತ್ತು ಹೋಗಿ, ಕಾರಿನ ಜೊತೆ ಬಂದ ದಪ್ಪ ಪುಸ್ತಕ ಇಸಿದುಕೊಂಡು ಓದಿದೆ. ಹೊಗೆ ಕೊಳವೆಯೊಳಗೆ ಆಕ್ಸಿಜನ್ ಸೆನ್ಸರ್ ಎಂಬ ಮೂಗು ಇರುತ್ತದಂತೆ. ಅದು ಹೊಗೆ ಮೂಸಿ, “ಪೆಟ್ರೋಲ್ ಹೆಚ್ಚಾಯಿತು, ಕಡಿಮೆ ಮಾಡು” ಎಂದು ಎಂಜಿನ್ನಿಗೆ ಚಾಡಿ ಹೇಳುತ್ತದಂತೆ!

“ಮೂಗು ಕಟ್ಟೇತಿ,” ಎಂದು ತೀರ್ಪು ಕೊಟ್ಟೆ. “ನಮ್ಮ ಪೆಟ್ರೋಲಿನ್ಯಾಗ ಸೀಸ ಇರ್ತೈತಿ. ಅದು ಮೆತ್ತಿ ವಾಸನಿ ತಡಾ ಹತ್ತಾಕತ್ತೈತಿ. ಪರೀಕ್ಷಾ ಮಾಡೂಣು!”

“ಇವತ್ತ ಖಾನಾಪುರಕ್ಕ ಹೋಗೂದೈತಲ್ಲೋ ತಮ್ಮಣ್ಣಾ,” ಎಂದ ಬಾಳಾಸಾಹೇಬ.

ಅದೂ ನಿಜವೇ. ಖಾನಾಪುರದಲ್ಲಿ ಚಂದ್ರವ್ವನ ಅಣ್ಣ ಸಿದರಾಯನ ಮಗಳಿಗೆ ಅವತ್ತು ಕುಬಸ, ಅಂದರೆ ಸೀಮಂತ. ಚೊಚ್ಚಲ ಬಸುರಿಗೆ ಸೋದರತ್ತೆ ಕೈಯಾರೆ ಎಂಬತ್ತು ಹೋಳಿಗೆ ಒಯ್ಯಬೇಕು, ಅದೂ ಬಾಳಾಸಾಹೇಬನ ಕಾರಿನಲ್ಲಿ. ಹೊರಡುವುದರೊಳಗೆ ನಾನು ರೋಗ ಹಿಡಿದು ತೋರಿಸಿದರೆ ಖಾನಾಪುರದ ದಾರಿಯುದ್ದಕ್ಕೂ ಅವಳ ಬಾಯಲ್ಲಿ ನನ್ನದೇ ಹೆಸರು! ಹದಿನಾರು ಮೈಲು ಹೊಗಳಿಕೆಗೆ ಯಾರು ಆಸೆಪಡುವುದಿಲ್ಲ?

ಪುಸ್ತಕದ ಪ್ರಕಾರ ಎಂಜಿನ್ನಿಗೆ ತುಸು ಗ್ಯಾಸು ಕುಡಿಸಬೇಕು. ಮೂಗು ಚುರುಕಾಗಿದ್ದರೆ ಮೀಟರಿನ ಮುಳ್ಳು ಕೂಡಲೇ ಜಿಗಿಯಬೇಕು. ಮೀಟರು ನನ್ನ ಅಂಗಡಿಯಲ್ಲಿತ್ತು. ಗ್ಯಾಸು ನಮ್ಮ ಅಡುಗೆ ಮನೆಯಲ್ಲಿತ್ತು.

“ಏನ್ರೀ, ಸಿಲಿಂಡರ್ ಎಲ್ಲಿಗೆ ಒಯ್ದ್ರಿ? ಬ್ಯಾಳಿ ಇನ್ನೂ ಒಲಿ ಮ್ಯಾಲೆ ಇಟ್ಟಿಲ್ಲ!”

“ಹತ್ತ ನಿಮಿಷ! ನೀ ಬ್ಯಾಳಿ ತೊಳಿಯೂದರಾಗ ತಂದೆ!”

ಬಾಳಾಸಾಹೇಬನ ಬೀಡಿ ಆರಿಸಿದೆ (ಇಲ್ಲದಿದ್ದರೆ ಇದನ್ನು ನಾನು ಸ್ವರ್ಗದಿಂದ ಬರೆಯಬೇಕಿತ್ತು), ಮೂಗಿನ ತಂತಿಗೆ ಮೀಟರು ಸಿಕ್ಕಿಸಿ, ಎಂಜಿನ್ನು ಗಾಳಿ ಎಳೆಯುವ ಬಾಯಿಗೆ ಗ್ಯಾಸಿನ ನಳಿಗೆ ಹಿಡಿದೆ. ಮುಳ್ಳು ಆಕಳಿಸುತ್ತ ಎದ್ದಿತು. ಆರು ಸೆಕೆಂಡು! “ಮಂದ!” ಎಂದು ಘರ್ಜಿಸಿದೆ. ಮತ್ತೆ ಹಿಡಿದೆ. ಹತ್ತು ಸೆಕೆಂಡು! “ಇನ್ನೂ ಮಂದ!” ಖಾತ್ರಿಗೆಂದು ಮತ್ತೆ ಮತ್ತೆ ಹಿಡಿದೆ. ಕೊನೆಗೆ ಮುಳ್ಳು ಮಿಸುಕಲೇ ಇಲ್ಲ.

“ಸತ್ತಿತು!” ಎಂದು ಟೊಪ್ಪಿಗೆ ತೆಗೆದೆ. “ಬಾಳಾಸಾಹೇಬ, ಕಳವಳ ಮಾಡಬ್ಯಾಡ, ಮನಸ್ಸು ಗಟ್ಟಿ ಮಾಡ್ಕೊ. ಇದರ ಸಾಮಾನು ಭಾರತ ದೇಶದಾಗ ಸಿಗೂದಿಲ್ಲ.”

ಅವನು ಕಾರಿಗೆ ಒರಗಿ ಕುಸಿದ. ಅಯ್ಯೋ, ಎಂಥ ಸೊಗಸಾದ ಬೆಳಗು!

ಅಷ್ಟರಲ್ಲಿ ಚಂದ್ರವ್ವ ಕೈ ಒರೆಸುತ್ತ ಬಂದಳು. ಸಿಲಿಂಡರಿನ ಕಿವಿ ಹಿಡಿದು ಒಂದೇ ಕೈಯಲ್ಲಿ ಎತ್ತಿ ಅಲ್ಲಾಡಿಸಿದಳು. ಅದು ಹೂವಿನ ಬುಟ್ಟಿಯಂತೆ ಮೇಲೆದ್ದಿತು.

“ಸತ್ತದ್ದು ಕಾರಿನ ಮೂಗಲ್ಲ. ನನ್ನ ಸಿಲಿಂಡರು,” ಎಂದಳು.

ತೆಗೆದ ಟೊಪ್ಪಿಗೆಯನ್ನು ನಾನು ಮೆಲ್ಲಗೆ ಮತ್ತೆ ತಲೆಗೆ ಏರಿಸಿದೆ.

“ಎಂಜಿನ್ನಿಗೆ ಎಣ್ಣಿ ಹೆಚ್ಚು, ಗಾಳಿ ಕಡಿಮಿ ಆಗಬೇಕು, ಅಷ್ಟ ಹೌದಿಲ್ರಿ ಅಣ್ಣಾರ? ಅದಕ್ಕ ಗ್ಯಾಸ್ ಯಾಕ ಬೇಕು? ಒಲಿ ಬಾಯಿ ಮುಚ್ಚಿದ್ರ ಹೊಗಿ ತಾನ ಹೆಚ್ಚಾಗತೈತಿ.” ಹೀಗೆಂದವಳೇ ಒದ್ದೆ ಅರಿವೆಯಿಂದ ಗಾಳಿಯ ಬಾಯಿಯನ್ನು ಅರ್ಧ ಮುಚ್ಚಿದಳು. ಸತ್ತಿದ್ದ ಮುಳ್ಳು ಎದ್ದು ಕೂತಿತು. ಸರಿಯಾಗಿ ಆರು ಸೆಕೆಂಡು!

“ಮಂದ ಆದ್ರೂ ಜೀವಂತ ಐತಿ! ತಂಗೀ, ನೀ ಖರೇ ಎಂಜಿನಿಯರ್!” ಎಂದು ಬಾಳಾಸಾಹೇಬ ಕುಣಿದ. ನನ್ನ ಹೊಟ್ಟೆಯಲ್ಲಿ ಆಗ ಎದ್ದ ಉರಿಗೆ ಎಂಬತ್ತಲ್ಲ, ಎಂಟುನೂರು ಹೋಳಿಗೆ ಬೇಯುತ್ತಿದ್ದವು! ಆದರೆ ಬೇಳೆ ಹಸಿಯಾಗಿಯೇ ಉಳಿಯಿತು. ಅದನ್ನು ಸಿದರಾಯನ ಮನೆಯ ಕಟ್ಟಿಗೆ ಒಲೆಯ ಮೇಲೆ ಬೇಯಿಸುವುದೆಂದೂ, ಅವನ ಹೆಚ್ಚಿನ ಸಿಲಿಂಡರನ್ನು ನಮ್ಮ ಖಾಲಿಗೆ ಬದಲಾಯಿಸಿಕೊಂಡು ಬರುವುದೆಂದೂ ತೀರ್ಮಾನವಾಯಿತು.

ಮುಂದೆ ಬಲಗಡೆ ಚಂದ್ರವ್ವ, ಮಹಾರಾಣಿಯಂತೆ. ಬಾಗಿಲು ತೆಗೆದವನು ಬಾಳಾಸಾಹೇಬ. ಹಿಂದೆ ನಾನು, ಕಾಲ ನಡುವೆ ನೆನೆದ ಬೇಳೆ, ತೊಡೆಯ ಮೇಲೆ ಮಗುವಿನಂತೆ ಖಾಲಿ ಸಿಲಿಂಡರು.

ದೇಸೂರಿನ ಹತ್ತಿರ ಕಾರು ಬಿಕ್ಕಿತು.

“ಆರು ಸೆಕೆಂಡಂದ್ರ ಭಾಳ ಮಂದ ಆತಲ್ಲ, ತಮ್ಮಣ್ಣಾ?” ಎಂದ ಬಾಳಾಸಾಹೇಬ.

ಹೋದ ಮಾನ ತುಸುವಾದರೂ ಮರಳಲಿ ಎಂದು ನಾನು ಸಿಲಿಂಡರಿನ ಹಿಂದಿನಿಂದ ಕತ್ತು ಎತ್ತಿ, “ಇಷ್ಟು ಮಂದ ವಸ್ತು ನಾ ನನ್ನ ಜನ್ಮದಾಗ ನೋಡಿಲ್ಲ!” ಎಂದೆ.

ಚಂದ್ರವ್ವ ಹಿಂದೆ ತಿರುಗಲೂ ಇಲ್ಲ.

“ನಾ ನೋಡೇನ್ರಿ ಅಣ್ಣಾರ. ಗ್ಯಾಸಿಗೆ ನಂಬರ್ ಹಚ್ಚಿ ಬರ್ರಿ ಅಂತ ಹೇಳಿ ಎರಡ ತಿಂಗಳಾತು. ಮುಳ್ಳು ಇನ್ನೂ ಅಳ್ಳಾಡಿಲ್ಲ.”