ಒಂಬತ್ತನೇ ಮಂಚದ ಚಿಟ್ಟೆಯನ್ನು ಪರೀಕ್ಷೆಯವರೆಗೆ ಕಾಪಾಡುವ ಕುರಿತು

ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ
ಪರೀಕ್ಷಾ ಶಾಖೆ
ಸಂಖ್ಯೆ: ಪಶಾ/ಚಿಟ್ಟೆ/09/ಅತಿ ತುರ್ತು (ಎರಡನೇ ಸಲ)

ವಿಷಯ: ಪ್ರಾಯೋಗಿಕ ಪರೀಕ್ಷೆಗೆ ಕಾದಿರಿಸಿದ ಮುಖದ ಕೆಂಪು ಮಾಸದಂತೆ ನೋಡಿಕೊಳ್ಳುವ ಬಗ್ಗೆ.

ಉಲ್ಲೇಖ: 1) ಪ್ರಾಂಶುಪಾಲರ ಮೌಖಿಕ ಆದೇಶ. 2) ಅಂಥ ಆದೇಶ ತಾವು ನೀಡಿಯೇ ಇಲ್ಲವೆಂಬ ಅವರ ಲಿಖಿತ ಆದೇಶ. 3) ಕಳೆದ ವಾರದ ಇದೇ ಶಾಖೆಯ ಸುತ್ತೋಲೆ.

ಏಳು ವರ್ಷಗಳ ನಂತರ ಈ ಕಾಲೇಜಿಗೆ ಒಂದು ಚಿಟ್ಟೆ ಪ್ರಾಪ್ತವಾಗಿದೆ ಎಂದು ತಿಳಿಸಲು ಹೆಮ್ಮೆಯೆನಿಸುತ್ತದೆ. ಅದು ಒಂಬತ್ತನೇ ಮಂಚದ ರೋಗಿಯ (ಹೆಣ್ಣು, ವೃತ್ತಿ: ಟೈಲರ್, ವಯಸ್ಸು 26) ಎರಡೂ ಕೆನ್ನೆ ಹಾಗೂ ಮೂಗಿನ ಮೇಲೆ ರೆಕ್ಕೆ ಬಿಚ್ಚಿ ಕುಳಿತಿದೆ. ಹೊರಗಿನ ಪರೀಕ್ಷಕರಿಗೆ ತೋರಿಸಲು ಲೂಪಸ್ ಕಾಯಿಲೆಯ ಇಷ್ಟು ಅಚ್ಚುಕಟ್ಟಾದ, ಚಿಟ್ಟೆಯಾಕಾರದ ಕೆಂಪು ಗುರುತು ಮತ್ತೆ ಸಿಗದು. ರೋಗಿಯ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದು, ಚಿಕಿತ್ಸೆ ತಡವಾದರೆ ಕಿಡ್ನಿ ಕೆಡುವುದೆಂದು ಡ್ಯೂಟಿ ಡಾಕ್ಟರು ಬರೆದಿರುವುದನ್ನು ಗಮನಿಸಲಾಗಿದೆ. ಚಿಕಿತ್ಸೆ ಕೊಟ್ಟರೆ ಚಿಟ್ಟೆ ಮಾಸುವುದೆಂಬುದನ್ನು ಇನ್ನೂ ಹೆಚ್ಚು ಗಮನಿಸಲಾಗಿದೆ. ಆದ್ದರಿಂದ ಎಲ್ಲರಿಗೂ ಮತ್ತೊಮ್ಮೆ ಕಟ್ಟಪ್ಪಣೆ:

1. ಕಳೆದ ವಾರವೇ ವಿಧಿಸಿದಂತೆ, ಪರೀಕ್ಷೆ ಮುಗಿಯುವವರೆಗೆ ಸದರಿ ರೋಗಿಗೆ ಯಾವುದೇ "ಲೂಪಸ್ ಔಷಧ" ನೀಡತಕ್ಕದ್ದಲ್ಲ. ಕಿಡ್ನಿಗಳು ಪರೀಕ್ಷಕರ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅವು ಕಾಯಬಹುದು.

2. ಬಿಸಿಲಿಗೆ ಈ ಕೆಂಪು ಹೆಚ್ಚುತ್ತದೆ, ಕಾಯಿಲೆಯೂ ಕೆರಳುತ್ತದೆ ಎಂದು ಪಠ್ಯಪುಸ್ತಕದಲ್ಲಿದೆ. ವಾಕ್ಯದ ಮೊದಲರ್ಧವನ್ನು ಅಂಗೀಕರಿಸಿ ಮಂಚವನ್ನು ಕಿಟಕಿ ಪಕ್ಕಕ್ಕೆ ಸರಿಸಲು ಸೂಚಿಸಲಾಗಿದೆ.

3. ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಕಳೆದ ಸುತ್ತೋಲೆಯಲ್ಲಿ ಟೈಪಿಸ್ಟರು ಅದಕ್ಕೆ ಒಂದು ಕೊಂಬು ಹೆಚ್ಚಿಗೆ ಹಾಕಿ "ತೋಳು" ಮಾಡಿದ್ದರಿಂದ, ಮೂಳೆ ವಿಭಾಗದವರು ಬಂದು ರೋಗಿಯ ಬಲಗೈಗೆ ಪಟ್ಟಿ ಕಟ್ಟಿ ಹೋಗಿದ್ದಾರೆ. ಇನ್ನು ಮುಂದೆ ಯಾರೂ ತೋಳಕ್ಕೆ ಕೊಂಬು ಹಾಕತಕ್ಕದ್ದಲ್ಲ.

4. ಚರ್ಮ, ಕೀಲು, ರಕ್ತ, ಕಿಡ್ನಿ ಎಂದು ಒಂದೇ ಕಾಯಿಲೆ ನಾಲ್ಕು ವಿಭಾಗಗಳಿಗೆ ನುಗ್ಗಿರುವುದು ಅಶಿಸ್ತು. ಅದು ದಿನಕ್ಕೊಂದು ಅಂಗದಂತೆ ಸರದಿಯಲ್ಲಿ ಕಾಣಿಸಿಕೊಳ್ಳತಕ್ಕದ್ದು. ಭಾನುವಾರ ರಜೆ.

5. ಕಾಯಿಲೆಯನ್ನು ಆಟೋ ಇಮ್ಯೂನ್ ಎಂದು ತಿಳಿಸಿದಾಗ ರೋಗಿಯ ಅಕ್ಕ, "ದಿನಾ ಆಟೋದಲ್ಲಿ ಓಡಾಡಿದ್ದಕ್ಕೆ ಬಂತಾ?" ಎಂದು ಕೇಳಿದ್ದಾರೆ. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು, "ಅಲ್ಲ ಅಕ್ಕಾ, ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ. ಹೊರಗಿನ ರೋಗಾಣು ಹೊಡೀಬೇಕಾದ ಕಾವಲಿನವರು, ಮನೆಯವರನ್ನೇ ಕಳ್ಳರು ಅಂದ್ಕೊಂಡು ಬಡೀತಾರೆ" ಎಂದಿದ್ದಾಳೆ. ಅದಕ್ಕೆ ಅಕ್ಕ, "ಹಂಗಾದ್ರೆ ಈ ಆಸ್ಪತ್ರೆಗೂ ಅದೇ ಕಾಯಿಲೆ ಬಿಡು ತಾಯಿ" ಎಂದಿದ್ದಾರೆ. ಬೇಲಿ ಎಂದರೆ ಯಾರೆಂದು ಪತ್ತೆಹಚ್ಚಲು ಸಮಿತಿ ರಚಿಸಲಾಗಿದೆ. ಅರ್ಥವಾಗುವಂತೆ ವಿವರಿಸಿದ ತಪ್ಪಿಗೆ ವಿದ್ಯಾರ್ಥಿನಿಯ ಎರಡು ಅಂಕ ಕಡಿತಗೊಳಿಸಲಾಗಿದೆ.

6. ವಿದ್ಯಾರ್ಥಿಗಳು ಅಭ್ಯಾಸಕ್ಕೆಂದು ಪರಸ್ಪರರ ರಕ್ತ ತೆಗೆದು, ಲೂಪಸ್ ಸುಳಿವು ನೋಡುವ ಎಎನ್‌ಎ ಪರೀಕ್ಷೆ ಮಾಡಿಕೊಂಡು, ಪಾಸಿಟಿವ್ ಬಂದ ಮೂವರು ಹಾಜರಾತಿ ವಿನಾಯಿತಿ ಕೋರಿದ್ದಾರೆ. ಆರೋಗ್ಯವಂತರಲ್ಲೂ ಹಾಗೆ ಬರುವುದುಂಟು. ಬರೀ ಆ ರಿಪೋರ್ಟಿನಿಂದ ಲೂಪಸ್ ಎನ್ನಲಾಗದು. ಸದರಿ ಮೂವರ ಕಾಯಿಲೆ ಸೋಮಾರಿತನವೆಂದು ನಿರ್ಣಯಿಸಲಾಗಿದೆ.

7. ಈ ಕೆಂಪು ಮೂಗಿನ ಪಕ್ಕದ ನಗೆಗೆರೆಗಳನ್ನು ಬಿಟ್ಟಿರುತ್ತದೆ. ಅದನ್ನು ಪರೀಕ್ಷಕರು ನೋಡುವಾಗ ರೋಗಿ ನಗತಕ್ಕದ್ದಲ್ಲ. ದಾಖಲಾದ ದಿನದಿಂದ ಆಕೆ ನಕ್ಕೇ ಇಲ್ಲವೆಂದು ತಿಳಿದುಬಂದಿದ್ದು, ಈ ಸಹಕಾರವನ್ನು ಶ್ಲಾಘಿಸಲಾಗಿದೆ.

8. (ಸಹಿಗೆ ಮುನ್ನ ಸೇರಿಸಿದ್ದು) ಕಲಂ 1ರ ಪಾಲನೆ ಬಗ್ಗೆ ವಿಚಾರಿಸಲಾಗಿ, ವಾರ್ಡಿನ ಹಿರಿಯ ನರ್ಸ್ ವರದಿ ಕಳಿಸಿರುತ್ತಾರೆ: "ಸ್ಟೋರಿನ ರಿಜಿಸ್ಟರಿನಲ್ಲಿ ಲೂಪಸ್ ಔಷಧ ಅಂತ ಯಾವುದೂ ಇಲ್ಲ ಸಾರ್. ಡಾಕ್ಟರು ಈಕೆಗೆ ಬರೆದ ಒಂದು ಮಾತ್ರೆ ಮಲೇರಿಯಾ ಪುಟದಲ್ಲಿದೆ, ಇನ್ನೊಂದು ಉಬ್ಬಸದ ಪುಟದಲ್ಲಿದೆ. ಅವೆರಡನ್ನೇ ಮೊದಲ ದಿನದಿಂದ ಕೊಟ್ಟಿದ್ದೀನಿ. ನೀವು ಬೇಡ ಅಂದಿದ್ದನ್ನ ಒಂದು ಗುಳಿಗೇನೂ ಕೊಟ್ಟಿಲ್ಲ." ಪರಿಣಾಮವಾಗಿ ರೋಗಿಯ ಕಾಲಿನ ಊತ ಇಳಿದಿದೆ, ಪ್ರೋಟೀನ್ ಸೋರಿಕೆ ತಗ್ಗುತ್ತಿದೆ, ಚಿಟ್ಟೆಯು ಪೂರ್ವಾನುಮತಿ ಪಡೆಯದೆ ಹಾರಿಹೋಗಿದೆ. ನಿಯಮ ಅಕ್ಷರಶಃ ಪಾಲನೆಯಾಗಿರುವುದರಿಂದ ಯಾರ ಮೇಲೂ ಕ್ರಮ ಜರುಗಿಸಲು ಅವಕಾಶವಿರುವುದಿಲ್ಲ.

ಸಹಿ/-
ಅಧೀಕ್ಷಕರು, ಪರೀಕ್ಷಾ ಶಾಖೆ
(ಅಧೀಕ್ಷಕರು ರಜೆಯಲ್ಲಿರುವುದರಿಂದ, ರಜೆಗೆ ಹೊರಟಿರುವವರ ಪರವಾಗಿ)

ಪ್ರತಿಗಳು:
1. ಪ್ರಾಂಶುಪಾಲರಿಗೆ, ತಮಗೆ ತಲುಪಿಲ್ಲವೆಂದು ದೃಢೀಕರಿಸುವ ಸಲುವಾಗಿ.
2. ಹೊರಗಿನ ಪರೀಕ್ಷಕರಿಗೆ, ಬೇರೆ ಕೇಸ್ ತಾವೇ ತರುವಂತೆ ಕೋರಿ.
3. ಕಚೇರಿ ಪ್ರತಿ.
4. ಒಂಬತ್ತನೇ ಮಂಚದ ರೋಗಿಗೆ. (ಮುಂದಿನ ತಿಂಗಳು ತೋರಿಸಿಕೊಳ್ಳಲು ಹೇಳಿ ಮನೆಗೆ ಕಳಿಸಿರುವುದರಿಂದ, ಮಂಚ ಖಾಲಿ. ಪ್ರತಿ ವಾಪಸ್.)